ಕಕ್ಕಸಿನ ಕಾಯ್ದೆಯಿಂದ ಘನತೆಯ ಕಾಯ್ದೆಗೆ

ಕೋಲಾರದ ಚಿನ್ನದ ಗಣಿಗೆ (ಕೆಜಿಎಫ್) ಕರೆಂಟು ಬಂದದ್ದು 1902ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರ ತಂತಿಯ ಮೇಲೆ ಬಂದು ಅಲ್ಲಿನ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗೆ ದೀಪ ಬರಲು ಇನ್ನೂ ಮೂರು ವರ್ಷ ಬೇಕಾಯಿತು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಮೇಲೆ ಬಿಳಿಯರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗೆ ಕಾರ್ಮಿಕರ ಲೈನುಗಳು. ಆ ಲೈನುಗಳ ನಡುವೆ ನೀರಿಲ್ಲದ ಸಾಮೂಹಿಕ ಕಕ್ಕಸುಗಳ ಸಾಲು. ಅವನ್ನು ದಿನ ಬೆಳಗಾದರೆ ಪೊರಕೆ, ತಗಡಿನ ಚೂರು, ಬಕೆಟ್ಟು ಹಿಡಿದು ಬಳಿದು ತೆಗೆಯುವ ಕೆಲಸಕ್ಕೆಂದೇ ಒಂದು ಜಾತಿಯ ಜನರನ್ನು ಇಟ್ಟುಕೊಂಡಿದ್ದರು. ಮೂರು ಕಿಲೋಮೀಟರ್ ಆಳದಿಂದ ಅದಿರನ್ನು ಯಂತ್ರದಲ್ಲಿ ಮೇಲೆತ್ತಬಲ್ಲ ಕಂಪನಿಗೆ ಮೂರಡಿ ಆಳದ ಹೊಲಸನ್ನು ಎತ್ತಲು ಮಾತ್ರ ಮನುಷ್ಯರ ಕೈಯೇ ಬೇಕಿತ್ತು. 1990ರ ದಶಕದ ತನಕವೂ ಅದು ಹಾಗೆಯೇ ನಡೆಯಿತು. ಅಷ್ಟರಲ್ಲಿ ಬ್ರಿಟಿಷರು ಹೋಗಿದ್ದರು, ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ, ಆಮೇಲೆ ಕೇಂದ್ರದ ಕೈಗೆ ಹೋಗಿ 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯಾಗಿತ್ತು. ಮಾಲೀಕರು ಬದಲಾದರು, ಬಕೆಟ್ಟು ಬದಲಾಗಲಿಲ್ಲ.

ಕೆಜಿಎಫ್ ಒಂದನ್ನೇ ಬೈದು ಪ್ರಯೋಜನವಿಲ್ಲ. 1898ರ ಪ್ಲೇಗು ಮಾರಿ ಬಂದಾಗ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿಕೊಂಡವು. ಗಾಳಿ ಬೆಳಕಿನ ಲೆಕ್ಕ ಹಾಕಿ ಚೌಕಾಕಾರದಲ್ಲಿ ಬೀದಿಗಳನ್ನು ಎಳೆದವರು, ಎರಡು ಸಾಲು ಮನೆಗಳ ಹಿತ್ತಲು ಕೂಡುವಲ್ಲಿ ಒಂದು ಕಿರಿದಾದ ಓಣಿಯನ್ನೂ ಬಿಟ್ಟರು. ಅದಕ್ಕೆ ಕನ್ಸರ್ವೆನ್ಸಿ ಓಣಿ ಎಂದು ಹೆಸರು. ಕಕ್ಕಸು ತೆಗೆಯುವವರು ಬೀದಿಯ ಕಡೆಯಿಂದ ಕಾಣಿಸಿಕೊಳ್ಳದೆ, ಮುಂಬಾಗಿಲು ತುಳಿಯದೆ, ಹಿತ್ತಿಲಿನಿಂದ ಬಂದು ಹಿತ್ತಿಲಿನಿಂದಲೇ ಹೋಗಲಿ ಎಂಬ ಏರ್ಪಾಡು. ಅಸ್ಪೃಶ್ಯತೆಯನ್ನು ಯಾವ ಸರ್ಕಾರಿ ಆದೇಶದಲ್ಲೂ ಬರೆಯಬೇಕಾಗಿರಲಿಲ್ಲ, ನಗರದ ನಕ್ಷೆಯಲ್ಲೇ ಅದು ಇತ್ತು. ಈಗ ಮಲ್ಲೇಶ್ವರದ ಕೆಲವು ಓಣಿಗಳ ಗೋಡೆಗೆ ಬಣ್ಣ ಬಳಿದು ಚಿತ್ರ ಬರೆದಿದ್ದಾರೆ. ಚೆನ್ನಾಗಿಯೇ ಇವೆ. ಆ ಓಣಿ ಯಾಕೆ ಇತ್ತು ಅನ್ನುವುದನ್ನೂ ಅಲ್ಲೇ ಒಂದು ಮೂಲೆಯಲ್ಲಿ ಬರೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಹಳ್ಳಿಯಲ್ಲಿ ಜಾತಿಗೆ ಅಂಟಿಕೊಂಡಿದ್ದ ಕೆಲಸ ಪುರಸಭೆಗಳ ಕಾಲದಲ್ಲಿ ಸರ್ಕಾರಿ ಹುದ್ದೆಯಾಯಿತು. ಇತಿಹಾಸದ ಈ ತಿರುವು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಸಂಬಳ, ಹಾಜರಿ ಪುಸ್ತಕ, ಮೇಸ್ತ್ರಿ, ಕ್ವಾರ್ಟರ್ಸು ಎಲ್ಲವೂ ಬಂದವು, ಆದರೆ ಆ ಹುದ್ದೆಗೆ ಅರ್ಜಿ ಹಾಕುವವರು ಯಾವ ಕೇರಿಯಿಂದ ಬರಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಅಪ್ಪ ನಿವೃತ್ತನಾದರೆ ಮಗ, ಗಂಡ ಸತ್ತರೆ ಹೆಂಡತಿ. ಭೇದಭಾವಕ್ಕೆ ಸಂಬಳದ ಚೀಟಿ ಸಿಕ್ಕಿತು.

1948ರ ನವೆಂಬರ್ 29ರಂದು ದೆಹಲಿಯಲ್ಲಿ ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಗೆ ಒಪ್ಪಿಗೆ ಕೊಟ್ಟಿತು. ಕರಡಿನಲ್ಲಿ ಅದು 11ನೇ ವಿಧಿ, ಮುಂದೆ ಸಂವಿಧಾನದಲ್ಲಿ 17ನೇ ವಿಧಿ. ಸಭಾಂಗಣದಲ್ಲಿ ಮಹಾತ್ಮ ಗಾಂಧಿಗೆ ಜೈಕಾರ ಕೇಳಿತು. ಸರಿಯಾಗಿ ಹನ್ನೊಂದು ದಿನದ ನಂತರ, ಡಿಸೆಂಬರ್ 10ರಂದು, ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲ ವಿಧಿಯಲ್ಲಿ ಗಂಡಸರನ್ನಷ್ಟೇ ಸೂಚಿಸುವಂತಿದ್ದ ಮಾತನ್ನು ತೆಗೆಸಿ ಎಲ್ಲ ಮನುಷ್ಯಜೀವಿಗಳು ಎಂದು ಮಾಡಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಅವರು ನಮ್ಮ ಸಂವಿಧಾನ ಸಭೆಯ ಸದಸ್ಯೆಯೂ ಹೌದು. ಹೀಗೆ ಮಾನವ ಹಕ್ಕು ಹೊರಗಿನಿಂದ ಬಂದ ಸರಕು ಎಂದು ವಾದಿಸುವವರಿಗೆ ಆ ಹನ್ನೊಂದು ದಿನಗಳೇ ಉತ್ತರ.

ಆದರೆ 17ನೇ ವಿಧಿಗೂ ಕೆಜಿಎಫ್‌ನ ಬಕೆಟ್ಟಿಗೂ ನಡುವೆ ಬಹಳ ದೂರವಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ದೇವಸ್ಥಾನ, ಬಾವಿ, ಹೋಟೆಲು, ಕ್ಷೌರದಂಗಡಿಗಳಲ್ಲಿ ಪ್ರವೇಶ ನಿರಾಕರಿಸುವುದನ್ನು ಅಪರಾಧ ಮಾಡಿತು. ಬಾಗಿಲು ಹಾಕಿ ಹೊರಗಿಡುವುದು ಅದರ ಕಣ್ಣಿಗೆ ಬಿತ್ತು. ಹಿಂಬಾಗಿಲಿನಿಂದ ಒಳಗೆ ಕರೆದು ಹೊಲಸು ತೆಗೆಸುವುದು ಬೀಳಲಿಲ್ಲ. ಸಮಿತಿಗಳು ಕೂತವು: 1949ರಲ್ಲಿ ಮುಂಬಯಿ ಪ್ರಾಂತದ ಬರ್ವೆ ಸಮಿತಿ, 1957ರಲ್ಲಿ ಕೇಂದ್ರದ ಮಲ್ಕಾನಿ ಸಮಿತಿ. ಅವುಗಳಿಂದ ಬಂದ ಸುಧಾರಣೆಯ ಸಾರವೆಂದರೆ ತಲೆಯ ಮೇಲಿನ ಬುಟ್ಟಿಗೆ ಬದಲಾಗಿ ತಳ್ಳುಗಾಡಿ. ಈ ಕೆಲಸವನ್ನು ಸೇವೆ ಎಂದು ಎತ್ತಿ ಹಿಡಿದ ಗಾಂಧೀಜಿಗೂ ಈ ಕೆಲಸ ಬಿಟ್ಟು ಬನ್ನಿ ಎಂದ ಅಂಬೇಡ್ಕರ್ ಅವರಿಗೂ ಇದ್ದ ಭಿನ್ನಾಭಿಪ್ರಾಯದಲ್ಲಿ ಸರ್ಕಾರಿ ಕಡತಗಳು ಸದ್ದಿಲ್ಲದೆ ಮೊದಲನೆಯವರ ಕಡೆ ವಾಲಿದ್ದವು. ಕೆಲಸ ಇರಲಿ, ಸ್ವಲ್ಪ ಚೊಕ್ಕಟವಾಗಿರಲಿ ಎಂಬುದು ಆ ನಿಲುವು.

ಆ ನಿಲುವನ್ನು ಮುರಿದವರಲ್ಲಿ ಕರ್ನಾಟಕದ ಒಬ್ಬ ಮಂತ್ರಿಯ ಹೆಸರು ಮೊದಲು ಬರಬೇಕು. 1972ರಲ್ಲಿ ದೇವರಾಜ ಅರಸು ಸರ್ಕಾರ ಬಂದಾಗ ಪೌರಾಡಳಿತ ಖಾತೆ ಬಿ. ಬಸವಲಿಂಗಪ್ಪ ಅವರಿಗೆ ಸಿಕ್ಕಿತು. ತಲೆಯ ಮೇಲೆ ಮಲ ಹೊರುವುದನ್ನು ಅವರು ರಾಜ್ಯದಲ್ಲಿ ನಿಷೇಧಿಸಿದರು. ದೇಶದಲ್ಲಿ ಇಂಥ ನಿಷೇಧದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಅದಕ್ಕೊಂದು ಕೇಂದ್ರದ ಕಾಯ್ದೆ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದು ಅವರು ಆಡಿದ ಮಾತು ಗಲಭೆಯೆಬ್ಬಿಸಿತು, ಮಂತ್ರಿಗಿರಿ ಹೋಯಿತು. ಆ ಗಲಭೆಯ ಕಾವಿನಲ್ಲೇ ದಲಿತ ಸಂಘರ್ಷ ಸಮಿತಿ ರೂಪು ತಳೆಯಿತು ಎಂಬುದು ಬೇರೆ ಕಥೆ. ನನ್ನ ತಕರಾರು ಇಷ್ಟೇ: ಬೂಸಾ ಮಾತು ಕನ್ನಡಿಗರೆಲ್ಲರಿಗೂ ನೆನಪಿದೆ, ಬುಟ್ಟಿ ಇಳಿಸಿದ ಆದೇಶ ಹೆಚ್ಚಿನವರಿಗೆ ನೆನಪಿಲ್ಲ.

ಅದರ ಬೆನ್ನಿಗೇ ಐ.ಪಿ.ಡಿ. ಸಾಲಪ್ಪ ಅವರ ನೇತೃತ್ವದ ಸಮಿತಿ ಜಾಡಮಾಲಿಗಳ ಬದುಕು, ದುಡಿಮೆಯ ಸ್ಥಿತಿಗತಿಯನ್ನು ನೋಡಿ 1976ರಲ್ಲಿ ವರದಿ ಕೊಟ್ಟಿತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕ, ಇಂದಿಗೂ ಪೌರಕಾರ್ಮಿಕರ ಸಂಘಗಳು ಮುಷ್ಕರದಲ್ಲಿ ಎತ್ತಿ ಹಿಡಿಯುವ ಲೆಕ್ಕ, ಆ ವರದಿಯದು. ಅದೇ 1976ರಲ್ಲಿ ಕೇಂದ್ರವೂ ಹಳೆಯ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯನ್ನು ತಿದ್ದಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೊಸ ಹೆಸರಿಟ್ಟಿತು. ಅದಕ್ಕೆ 7ಎ ಎಂಬ ಕಲಮು ಸೇರಿತು. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಬಲವಂತವಾಗಿ ಮಲ ತೆಗೆಯುವ, ಕಸ ಗುಡಿಸುವ ಕೆಲಸಕ್ಕೆ ಹಚ್ಚಿದರೆ ಅದೂ ಅಸ್ಪೃಶ್ಯತಾಚರಣೆಯೇ ಎಂದು ಅದು ಹೇಳಿತು. ಒಳ್ಳೆಯ ಕಲಮು. ಆದರೆ ಬಲವಂತ ಎಂಬುದನ್ನು ನ್ಯಾಯಾಲಯದಲ್ಲಿ ತೋರಿಸುವವರು ಯಾರು? ಪುರಸಭೆ ಯಾರ ಕತ್ತನ್ನೂ ಹಿಡಿದು ಎಳೆದು ತಂದಿರಲಿಲ್ಲ. ಹಸಿವೇ ಆ ಕೆಲಸ ಮಾಡುತ್ತಿತ್ತು.

ಈ ಕಾಯ್ದೆಗಳು ಹೇಗೆ ಕುಂಟುತ್ತಿದ್ದವು ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಇದೆ. ಹೊಸದಾಗಿ ಕೊರೆದ ಬೋರ್‌ವೆಲ್‌ನಿಂದ ನೀರು ಹಿಡಿಯಲು ಬಂದ ದಲಿತರನ್ನು ಹೆದರಿಸಿ ಓಡಿಸಿದ ಪ್ರಕರಣ. ಕೆಳಗಿನ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಡುಗಡೆ ಮಾಡಿತು, ರಾಜ್ಯ ಸರ್ಕಾರ ಮೇಲ್ಮನವಿ ಹೋಯಿತು. 1992ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿ ಹಿಡಿಯಿತು. ನ್ಯಾಯಮೂರ್ತಿ ಕೆ. ರಾಮಸ್ವಾಮಿಯವರು ಅದರಲ್ಲಿ ಪ್ರತ್ಯೇಕವಾಗಿ ದೀರ್ಘ ತೀರ್ಪು ಬರೆದು, ಅಸ್ಪೃಶ್ಯತೆಯ ಪ್ರಕರಣಗಳನ್ನು ಮಾಮೂಲಿ ಹೊಡೆದಾಟದ ಪ್ರಕರಣಗಳಂತೆ ನೋಡುವ ನ್ಯಾಯಾಧೀಶರ ಮನೋಭಾವವನ್ನೇ ಪ್ರಶ್ನಿಸಿದರು. ಸಂವಿಧಾನ ಜಾರಿಗೆ ಬಂದು ನಲವತ್ತೆರಡು ವರ್ಷವಾಗಿತ್ತು.

ಈಗ ಮತ್ತೆ ಕೆಜಿಎಫ್‌ಗೆ ಬರೋಣ. 1966ರಲ್ಲಿ ಅಲ್ಲಿನ ಒಂದು ಕುಟುಂಬದಲ್ಲಿ ಬೆಜವಾಡ ವಿಲ್ಸನ್ ಹುಟ್ಟಿದರು. ತೆಲುಗು ಮಾತಾಡುವ ಮನೆ, ಆಂಧ್ರದ ಕಡೆಯಿಂದ ಬಂದ ದಲಿತ ಕುಟುಂಬ, ಅಪ್ಪನದೂ ಕಕ್ಕಸು ತೆಗೆಯುವ ಕೆಲಸ. ಮಗನನ್ನು ಆ ಕೆಲಸದಿಂದ ದೂರ ಇಡಬೇಕೆಂದು ಹೆತ್ತವರು ಓದಲು ಬೇರೆ ಕಡೆ ಕಳುಹಿಸಿದರು. ಓದು ಮುಗಿಸಿ ಉದ್ಯೋಗ ವಿನಿಮಯ ಕಚೇರಿಗೆ ಹೋದಾಗ ಅಲ್ಲಿನವರು ಏನೂ ಕೇಳದೆಯೇ ಅರ್ಜಿಯಲ್ಲಿ ಕಕ್ಕಸು ತೆಗೆಯುವ ಕೆಲಸ ಎಂದು ಬರೆದುಬಿಟ್ಟರು ಎಂದು ವಿಲ್ಸನ್ ಹಲವು ಕಡೆ ಹೇಳಿಕೊಂಡಿದ್ದಾರೆ. ಒಣ ಕಕ್ಕಸುಗಳ ಹತ್ತಿರ ಹೋಗಿ ಕಣ್ಣಾರೆ ನೋಡಿದ ದಿನ ಅವರಿಗೆ ತಡೆಯಲಾಗದ ಅಳು ಬಂತಂತೆ. ಬಿಡಿ ಈ ಕೆಲಸ ಎಂದರೆ, ಬಿಟ್ಟು ತಿನ್ನುವುದೇನು ಎಂಬ ಉತ್ತರ ತಮ್ಮವರಿಂದಲೇ ಬಂತು.

1980ರ ದಶಕದ ಕೊನೆಯಿಂದ ಅವರು ಪತ್ರ ಬರೆಯತೊಡಗಿದರು. ಗಣಿಯ ಆಡಳಿತಕ್ಕೆ, ಮಂತ್ರಿಗಳಿಗೆ, ಪ್ರಧಾನಿಗೆ. ಇಲ್ಲಿ ಒಣ ಕಕ್ಕಸುಗಳೇ ಇಲ್ಲ ಎಂಬ ಧಾಟಿಯ ಉತ್ತರ ಬಂತು, ಇಲ್ಲವೇ ಉತ್ತರವೇ ಬರಲಿಲ್ಲ. ಆಗ ಅವರು ಕ್ಯಾಮೆರಾ ಹಿಡಿದರು. ಕಾಗದದ ಮೇಲೆ ಇಲ್ಲ ಎಂದದ್ದನ್ನು ಫೋಟೋ ಇದೆ ಎಂದಿತು.

ಅದೇ ಹೊತ್ತಿಗೆ, 1993ರಲ್ಲಿ, ಸಂಸತ್ತು ಮಲ ಹೊರುವವರ ನೇಮಕ ಮತ್ತು ಒಣ ಕಕ್ಕಸುಗಳ ನಿರ್ಮಾಣವನ್ನು ನಿಷೇಧಿಸುವ ಕಾಯ್ದೆಯನ್ನು ಮಾಡಿತು. ಅದು ಹುಟ್ಟಿದ ರೀತಿಯೇ ವಿಚಿತ್ರ. ನೈರ್ಮಲ್ಯ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಕೇಂದ್ರ ನೇರವಾಗಿ ಕಾನೂನು ಮಾಡುವಂತಿಲ್ಲ. ಸಂವಿಧಾನದ 252ನೇ ವಿಧಿಯಂತೆ ರಾಜ್ಯಗಳೇ ಗೊತ್ತುವಳಿ ಮಾಡಿ ಕೇಳಬೇಕು. ಹಾಗೆ ಕೇಳಿದ್ದು ಆರು ರಾಜ್ಯಗಳು: ಆಂಧ್ರ ಪ್ರದೇಶ, ಗೋವಾ, ಕರ್ನಾಟಕ, ಮಹಾರಾಷ್ಟ್ರ, ತ್ರಿಪುರ, ಪಶ್ಚಿಮ ಬಂಗಾಳ. ಅಲ್ಲೇ ಅದರ ದೋಷವೂ ಇತ್ತು. ಮನುಷ್ಯನ ಘನತೆಗೆ ಬಿದ್ದ ಪೆಟ್ಟನ್ನು ಕಕ್ಕಸಿನ ನಮೂನೆಯ ಸಮಸ್ಯೆಯನ್ನಾಗಿ ಆ ಕಾಯ್ದೆ ನೋಡಿತು. ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ ಜೈಲು, 2,000 ರೂಪಾಯಿ ದಂಡ. ದೂರು ಕೊಡುವ ಅಧಿಕಾರ ಸಂತ್ರಸ್ತರಿಗೆ ಇರಲಿಲ್ಲ, ಜಿಲ್ಲಾಡಳಿತ ಅಧಿಕಾರ ಕೊಟ್ಟವರಷ್ಟೇ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಕೆಲಸಕ್ಕೆ ಇಟ್ಟುಕೊಂಡದ್ದು ಪುರಸಭೆ, ದೂರು ಕೊಡಬೇಕಾದದ್ದು ಅದರ ಮೇಲಿನ ಸಾಹೇಬರು. ಶಿಕ್ಷೆ ಹೆಚ್ಚುಕಡಿಮೆ ಯಾರಿಗೂ ಆಗಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನಿದೆ?

ಆದರೂ ವಿಲ್ಸನ್ ಕೈಗೆ ಒಂದು ಕಾಗದ ಸಿಕ್ಕಿತು. ಗಣಿ ಕಂಪನಿಗೆ ಕಾನೂನಿನ ಹೆಸರಲ್ಲಿ ಎಚ್ಚರಿಕೆ ಕೊಡಲು, ಪತ್ರಿಕೆಯವರನ್ನು ಕರೆತಂದು ತೋರಿಸಲು ಅದು ಸಾಕಾಯಿತು. ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಕಂಪನಿಗೆ ಮುಖಭಂಗವಾಯಿತು. 1994ರ ಹೊತ್ತಿಗೆ ಆಡಳಿತ ಒಣ ಕಕ್ಕಸುಗಳನ್ನು ನೀರಿನ ಕಕ್ಕಸುಗಳಾಗಿ ಬದಲಾಯಿಸಲು, ಆ ಕೆಲಸದಲ್ಲಿದ್ದವರನ್ನು ಬೇರೆ ಕೆಲಸಗಳಿಗೆ ಹಾಕಲು ಒಪ್ಪಿತು. ಗಮನಿಸಿ, ಕಾಯ್ದೆ ಪಾಸಾಗಿತ್ತೇ ಹೊರತು ಜಾರಿಗೆ ಬಂದಿರಲಿಲ್ಲ. ಅದು ಜಾರಿಗೆ ಬಂದದ್ದು 1997ರ ಜನವರಿ 26ರಂದು. ಜಾರಿಗೇ ಬರದ ಕಾನೂನೊಂದನ್ನು ಹಿಡಿದು ಬಡವರ ಮನೆಯ ಹುಡುಗನೊಬ್ಬ ಕೇಂದ್ರ ಸರ್ಕಾರದ ಕಂಪನಿಯನ್ನು ಬಗ್ಗಿಸಿದ. ಮುಂದೆ ಕಾನೂನು ಜಾರಿಯಲ್ಲಿದ್ದಾಗಲೂ ಸರ್ಕಾರಗಳು ಅಷ್ಟು ಸುಲಭವಾಗಿ ಬಗ್ಗಲಿಲ್ಲ.

ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಅವರಂಥವರ ಜೊತೆ ಸೇರಿ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2003ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 14, 17, 21, 23ನೇ ವಿಧಿಗಳ ಉಲ್ಲಂಘನೆ ಎಂಬುದು ಅರ್ಜಿಯ ವಾದ. ರಾಜ್ಯಗಳಿಗೆ ನೋಟಿಸು ಹೋಯಿತು. ಒಂದಾದ ಮೇಲೊಂದು ಪ್ರಮಾಣಪತ್ರ ಬಂತು, ನಮ್ಮಲ್ಲಿ ಈ ಪದ್ಧತಿ ಇಲ್ಲವೆಂದು. ಕೆಜಿಎಫ್‌ನಲ್ಲಿ ಕೇಳಿದ ಉತ್ತರವೇ ಈಗ ದೇಶದ ಮಟ್ಟದಲ್ಲಿ ಕೇಳಿಬಂತು. ಆಂದೋಲನದವರು ಊರೂರು ತಿರುಗಿ ಕಕ್ಕಸುಗಳ ಫೋಟೋ, ಕೆಲಸ ಮಾಡುತ್ತಿದ್ದವರ ವಿವರ ತಂದು ನ್ಯಾಯಾಲಯದ ಮುಂದೆ ಸುರಿದರು. ಸಾಲದೆಂಬಂತೆ 2011ರ ಜನಗಣತಿಯೇ ಸಾಕ್ಷಿ ನುಡಿಯಿತು: ಮನುಷ್ಯರೇ ಮಲ ತೆಗೆಯುವ ಕಕ್ಕಸುಗಳು ದೇಶದಲ್ಲಿ 7,94,390. ಇಲ್ಲ ಎಂದು ಪ್ರಮಾಣ ಮಾಡಿದ್ದೂ ಸರ್ಕಾರಗಳೇ, ಇದೆ ಎಂದು ಎಣಿಸಿದ್ದೂ ಸರ್ಕಾರವೇ.

ಈ ನಡುವೆ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಡೆದದ್ದನ್ನು ಬರೆಯದೆ ಮುಂದೆ ಹೋಗುವಂತಿಲ್ಲ. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದ ಕೆಲವರು ಪುರಸಭೆ ಕಚೇರಿಯ ಮುಂದೆ ಬಂದು ಮೈಗೆ ಮಲ ಸುರಿದುಕೊಂಡರು. ತಲೆತಲಾಂತರದಿಂದ ಊರಿನ ಹೊಲಸು ಹೊತ್ತವರನ್ನು ಅವರು ವಾಸವಿದ್ದ ಜಾಗದಿಂದ ಎಬ್ಬಿಸುವ ಪ್ರಯತ್ನಕ್ಕೆ ಪ್ರತಿಭಟನೆ ಅದು. ಮನವಿ ಕೊಟ್ಟಿದ್ದರು, ಯಾರೂ ಓದಿರಲಿಲ್ಲ. ಆ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಮಂತ್ರಿಗಳಿಗೂ ಮಠಾಧೀಶರಿಗೂ ಸವಣೂರಿನ ದಾರಿ ಗೊತ್ತಾಯಿತು. ಬಸವಲಿಂಗಪ್ಪನವರ ಆದೇಶವಾಗಿ ಮೂವತ್ತೈದು ವರ್ಷಗಳ ಮೇಲಾಗಿತ್ತು. 1993ರ ಕಾಯ್ದೆಯನ್ನು ಕೇಳಿ ಪಡೆದ ಆರು ರಾಜ್ಯಗಳಲ್ಲಿ ನಮ್ಮದೂ ಒಂದಾಗಿತ್ತು.

2013ರ ಸೆಪ್ಟೆಂಬರಿನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂತು, ಡಿಸೆಂಬರ್ 6ರಂದು ಜಾರಿಯಾಯಿತು. ಅದು ಅಂಬೇಡ್ಕರ್ ಪರಿನಿರ್ವಾಣದ ದಿನ. ಈ ಸಲ ರಾಜ್ಯಗಳು ಕೇಳಲಿ ಎಂದು ಕಾಯಲಿಲ್ಲ. ಪೀಠಿಕೆಯಲ್ಲೇ, ಈ ಜನರಿಗೆ ಆದ ಐತಿಹಾಸಿಕ ಅನ್ಯಾಯವನ್ನೂ ಅವಮಾನವನ್ನೂ ಸರಿಪಡಿಸಲು ಎಂಬ ಉದ್ದೇಶವಿತ್ತು. ಹಳೆಯ ಕಾಯ್ದೆ ಕಕ್ಕಸನ್ನು ನೋಡಿದರೆ ಹೊಸದು ಮನುಷ್ಯನನ್ನು ನೋಡಿತು. ತೆರೆದ ಚರಂಡಿ, ಗುಂಡಿ, ರೈಲು ಹಳಿಯ ಮೇಲಿನ ಮಲ ತೆಗೆಯುವವರೂ ಅದರ ವ್ಯಾಪ್ತಿಗೆ ಬಂದರು. ಒಳಚರಂಡಿಗೂ ಶೌಚಗುಂಡಿಗೂ ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು ಅಪರಾಧವಾಯಿತು: ಮೊದಲ ಸಲ ಎರಡು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ ಅಥವಾ ಎರಡೂ. ಜಾಮೀನಿಲ್ಲದ ಅಪರಾಧ, ಪೊಲೀಸರೇ ಮೊಕದ್ದಮೆ ಹೂಡಬಹುದಾದ ಅಪರಾಧ. ಜೊತೆಗೆ ಪುನರ್ವಸತಿ: ತಕ್ಷಣಕ್ಕೆ ನಗದು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ, ಬೇರೆ ಕಸುಬಿಗೆ ತರಬೇತಿ. 2015ರ ತಿದ್ದುಪಡಿಯಿಂದ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಮಲ ಹೊರಿಸುವುದು ದೌರ್ಜನ್ಯವೆಂದು ದಾಖಲಾಯಿತು.

2014ರ ಮಾರ್ಚ್ 27ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ, ಹನ್ನೊಂದನೇ ವರ್ಷಕ್ಕೆ ಕಾಲಿಟ್ಟಿದ್ದ ಅರ್ಜಿಯ ತೀರ್ಪು ಕೊಟ್ಟಿತು. 17ನೇ ವಿಧಿಯ ಜೊತೆಗೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ, ಜನಾಂಗೀಯ ಭೇದದ ವಿರುದ್ಧದ ಒಡಂಬಡಿಕೆ, ಮಹಿಳೆಯರ ಮೇಲಿನ ಭೇದದ ವಿರುದ್ಧದ ಒಡಂಬಡಿಕೆ ಇವನ್ನೂ ನ್ಯಾಯಾಲಯ ಮುಂದಿಟ್ಟಿತು. ಒಣ ಕಕ್ಕಸು ತೆಗೆಯುವವರಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನು ನೆನೆದರೆ ಕೊನೆಯದರ ಉಲ್ಲೇಖ ಬರೀ ಅಲಂಕಾರವಲ್ಲ. 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳನ್ನು ಗುರುತಿಸಿ ತಲಾ 10 ಲಕ್ಷ ರೂಪಾಯಿ ಕೊಡಿ ಎಂದಿತು. ಎರಡು ವರ್ಷದ ನಂತರ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೂ ಮೊದಲೇ, 2015ರ ಮಾನವ ಹಕ್ಕುಗಳ ದಿನದಂದು ದಿಬ್ರುಗಢದಿಂದ ಹೊರಟು, 125 ದಿನ ದೇಶ ಸುತ್ತಿ ದೆಹಲಿ ತಲುಪಿದ ಭೀಮ ಯಾತ್ರೆಯಲ್ಲಿ ಅವರ ಆಂದೋಲನ ಕೇಳಿದ್ದು ಒಂದೇ: ನಮ್ಮನ್ನು ಕೊಲ್ಲಬೇಡಿ.

ಯಾಕೆಂದರೆ ಅಷ್ಟರಲ್ಲಿ ಸಾವು ಜಾಗ ಬದಲಾಯಿಸಿತ್ತು. ಒಣ ಕಕ್ಕಸುಗಳು ಕಡಿಮೆಯಾದವು, ನಗರಗಳು ಬೆಳೆದವು, ಅಪಾರ್ಟ್‌ಮೆಂಟಿನ ಶೌಚಗುಂಡಿ, ರಸ್ತೆಯ ಮ್ಯಾನ್‌ಹೋಲು, ಶುದ್ಧೀಕರಣ ಘಟಕದ ತೊಟ್ಟಿ ಬಂದವು. ಅವುಗಳಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಕಟ್ಟಿಕೊಂಡಿರುತ್ತವೆ. ಇಳಿದವನು ಕೆಲವೇ ಉಸಿರಿಗೆ ಕುಸಿಯುತ್ತಾನೆ, ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ. ಇಂಥ ಸುದ್ದಿಯಲ್ಲಿ ಇಬ್ಬರು, ಮೂವರು ಒಟ್ಟಿಗೆ ಸಾಯುವುದು ಅದಕ್ಕೇ. ಹಳೆಯ ಜಾತಿಯೇ ಈಗ ಗುತ್ತಿಗೆದಾರನ ಕೈಯಲ್ಲಿ ದಿನಗೂಲಿಯಾಗಿ ದುಡಿಯುತ್ತದೆ. ಹಾಜರಿ ಪುಸ್ತಕವೂ ಇಲ್ಲ.

ಇಲ್ಲ ಎನ್ನುವ ಹಳೆಯ ಚಾಳಿಗೆ 2013ರ ಕಾಯ್ದೆಯೇ ಒಂದು ಸಂದು ಒದಗಿಸಿದೆ. ಸರ್ಕಾರ ಸೂಚಿಸಿದ ಸಾಧನ, ಸುರಕ್ಷಾ ಉಡುಪು ತೊಟ್ಟು ಮಲ ತೆಗೆದರೆ ಅವರು ಮಲ ಹೊರುವವರ ಲೆಕ್ಕಕ್ಕೆ ಬರುವುದಿಲ್ಲ. ಗುಂಡಿಗೆ ಇಳಿಯುವುದಕ್ಕೆ ಅಪಾಯಕಾರಿ ಶುಚಿಗೊಳಿಸುವಿಕೆ ಎಂಬ ಬೇರೆಯೇ ಕಲಮು. ಹೀಗಾಗಿ 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ, ಮಲ ಹೊರುವ ಕೆಲಸದಿಂದ ಸತ್ತ ವರದಿ ಒಂದೂ ಇಲ್ಲ ಎನ್ನಲು ಸಾಧ್ಯವಾಯಿತು. ಒಳಚರಂಡಿ, ಶೌಚಗುಂಡಿ ಶುಚಿ ಮಾಡುವಾಗ ಸತ್ತವರು ಮಾತ್ರ 941 ಮಂದಿ ಎಂಬ ಲೆಕ್ಕವನ್ನೂ ಅದೇ ಸರ್ಕಾರ ಕೊಟ್ಟಿತು. ಸತ್ತವರ ಮನೆಯವರಿಗೆ ಈ ಎರಡು ಖಾನೆಗಳ ವ್ಯತ್ಯಾಸ ತಿಳಿಸಿ ಹೇಳುವ ಧೈರ್ಯ ಯಾರಿಗಿದೆ?

2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತವಾಗಿ ಅಂಗವಿಕಲರಾದವರಿಗೆ ಕನಿಷ್ಠ 20 ಲಕ್ಷ. ಎಸ್. ರವೀಂದ್ರ ಭಟ್ ಮತ್ತು ನಮ್ಮ ರಾಜ್ಯದವರೇ ಆದ ಅರವಿಂದ ಕುಮಾರ್ ಅವರಿದ್ದ ಪೀಠ ಅದು. 2025ರ ಜನವರಿಯಲ್ಲಿ ಅದೇ ಪ್ರಕರಣದಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಮಲ ತೆಗೆಸುವುದನ್ನೂ ಚರಂಡಿ ಶುಚಿ ಮಾಡಿಸುವುದನ್ನೂ ನಿಲ್ಲಿಸಬೇಕೆಂದು ಆದೇಶವಾಯಿತು. ಎಪ್ಪತ್ತಾರು ವರ್ಷ ಹಿಂದೆ ಸಂವಿಧಾನ ಸಭೆ ಒಪ್ಪಿದ್ದನ್ನು ಮತ್ತೊಮ್ಮೆ, ಊರುಗಳ ಹೆಸರು ಹಿಡಿದು, ಹೇಳಬೇಕಾಗಿ ಬಂತು.

ಈ ಇತಿಹಾಸವನ್ನು ಓದಿ ಮುಖ್ಯಮಂತ್ರಿಯನ್ನೋ ಪುರಸಭೆಯನ್ನೋ ಬೈಯುವುದು ಸುಲಭ, ಬೈಯಲೂಬೇಕು. ಆದರೆ 2013ರ ಕಾಯ್ದೆಯ 7ನೇ ಕಲಮು ಸರ್ಕಾರಕ್ಕಷ್ಟೇ ಅನ್ವಯವಾಗುವುದಿಲ್ಲ. ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಯಾವ ವ್ಯಕ್ತಿಯೂ ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೋ ಶೌಚಗುಂಡಿಗೋ ಇಳಿಸುವಂತಿಲ್ಲ ಎನ್ನುತ್ತದೆ. ಮನೆ ಮಾಲೀಕರು, ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ, ಹೋಟೆಲಿನ ಯಜಮಾನ ಎಲ್ಲರೂ ಅದರಲ್ಲಿ ಬರುತ್ತಾರೆ. ನಿಮ್ಮ ಮನೆಯ ಶೌಚಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರದ ಲಾರಿಯನ್ನೇ ಕರೆಸಿ. ಬಂದವರು ತಳದ ಕೆಸರಿಗೆ ಒಬ್ಬನನ್ನು ಇಳಿಸುತ್ತೇವೆ ಎಂದರೆ ಬೇಡ ಎನ್ನಿ. ಇಳಿಸಿದರೆ ಅಪರಾಧಿಗಳಲ್ಲಿ ನೀವೂ ಒಬ್ಬರು.